ಕಟ್ಟಿದವರೇ ಹತ್ತು ವರ್ಷ ನೋಡಿಕೊಳ್ಳಬೇಕೇ?

ಬಡವರಿಗಾಗಿ ಸರ್ಕಾರ ಕಟ್ಟಿಸುವ ಮಹಡಿ ಮನೆಗಳ ಟೆಂಡರಿನಲ್ಲೇ ಹತ್ತು ವರ್ಷದ ನಿರ್ವಹಣೆಯನ್ನೂ ಸೇರಿಸಿ ಒಬ್ಬನೇ ಗುತ್ತಿಗೆದಾರನಿಗೆ ಕೊಡಬೇಕೇ? ರಾಯಚೂರಿನ ಇಬ್ಬರು ಇಲ್ಲಿ ಬರೆದಿದ್ದಾರೆ. ಒಬ್ಬರು ಕಟ್ಟಡದ ಸೈಟುಗಳಲ್ಲಿ ಸೂಪರ್‌ವೈಸರ್ ಆಗಿ ದುಡಿದವರು. ಇನ್ನೊಬ್ಬರು ಇಂಥದ್ದೇ ಮನೆಯ ಎರಡನೇ ಮಹಡಿಯಲ್ಲಿ ಸಂಸಾರ ಮಾಡುತ್ತಿರುವವರು.

ಪರ: ಅವನೇ ಕಟ್ಟಲಿ, ಅವನೇ ಕಾಯಲಿ

ಮೊದಲು ನಮ್ಮ ಎರೆ ಮಣ್ಣಿನ ಮಾತು. ಮಳೆ ಬಿದ್ದರೆ ಉಬ್ಬುತ್ತದೆ. ಬೇಸಿಗೆ ಬಂದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮಾನ್ವಿ, ಸಿಂಧನೂರು ಕಡೆಯ ಹೊಲ ನೋಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಇಂಥ ಮಣ್ಣಿನ ಮೇಲೆ ಮನೆ ಕಟ್ಟಿದರೆ ಪಾಯದ ಸುತ್ತ ನೀರು ನಿಲ್ಲಬಾರದು. ಒಂದು ಕಡೆ ಮಾತ್ರ ನೀರು ಇಂಗಿದರೆ ಆ ಕಡೆಯ ಮಣ್ಣು ಉಬ್ಬಿ ಪಾಯವನ್ನು ಮೇಲೆತ್ತುತ್ತದೆ, ಇನ್ನೊಂದು ಕಡೆ ಇದ್ದ ಹಾಗೇ ಇರುತ್ತದೆ. ಆಗ ಕಿಟಕಿಯ ಮೂಲೆಯಿಂದ ಗೋಡೆ ಓರೆಯಾಗಿ ಸೀಳುತ್ತದೆ.

ನಾನು ಕೆಲಸ ಮಾಡಿದ ಒಂದು ಸೈಟಿನಲ್ಲಿ ಹೀಗೇ ಆಯಿತು. ಮಾಳಿಗೆಯ ಮಳೆನೀರಿನ ಪೈಪು ಚರಂಡಿಯವರೆಗೆ ಹೋಗಬೇಕಿತ್ತು. ಪಾಯದ ಹತ್ತಿರವೇ ನಿಲ್ಲಿಸಿದರು. ಒಂದೊಂದು ಪೈಪಿಗೆ ಉಳಿದದ್ದು ಹತ್ತು ಹನ್ನೆರಡು ಅಡಿ ಪಿವಿಸಿ, ಅಷ್ಟೇ. ಮೂರನೇ ಮಳೆಗಾಲಕ್ಕೆ ಮೆಟ್ಟಿಲು ಗೋಡೆಯಿಂದ ಬಿಟ್ಟು ನಿಂತಿತು. ಆ ಹೊತ್ತಿಗೆ ದೋಷ ಸರಿಪಡಿಸುವ ಅವಧಿ ಮುಗಿದಿತ್ತು, ಗುತ್ತಿಗೆದಾರನ ಠೇವಣಿ ವಾಪಸ್ ಹೋಗಿತ್ತು. ಪೈಪು ನಿಲ್ಲಿಸಿದ ದಿನ ನಾನೂ ಅಲ್ಲೇ ಇದ್ದೆ, ಬಾಯಿ ಬಿಡಲಿಲ್ಲ. ಇವತ್ತಿಗೂ ಅದು ಮನಸ್ಸನ್ನು ಕೊರೆಯುತ್ತದೆ.

ಯಾಕೆ ಹೀಗಾಗುತ್ತದೆ? ಕರ್ನಾಟಕದಲ್ಲಿ ಸರ್ಕಾರಿ ಕಾಮಗಾರಿಗಳು ನಡೆಯುವುದು ಸರ್ಕಾರಿ ಟೆಂಡರುಗಳಿಗಾಗಿ ಮಾಡಿದ 1999ರ ಪಾರದರ್ಶಕತೆ ಕಾಯ್ದೆಯಡಿ. ಒಳ್ಳೆಯ ಕಾಯ್ದೆ. ಯಾರು ಎಷ್ಟಕ್ಕೆ ಹಾಕಿದರು ಎಂದು ಈಗ ಪೋರ್ಟಲ್‌ನಲ್ಲೇ ಕಾಣುತ್ತದೆ. ಆದರೆ ತಾಂತ್ರಿಕ ಅರ್ಹತೆಯಲ್ಲಿ ಪಾಸಾದ ಮೇಲೆ ಕೊನೆಗೆ ಗೆಲ್ಲುವುದು ಕಡಿಮೆ ದರವೇ. ಎಸ್‌ಆರ್ ದರಕ್ಕಿಂತ, ಅಂದರೆ ಇಲಾಖೆಯ ದರಪಟ್ಟಿಗಿಂತ, ಬಹಳ ಕಡಿಮೆ ಹಾಕಿ ಕೆಲಸ ಹಿಡಿದವನು ಆ ನಷ್ಟವನ್ನು ಎಲ್ಲಿ ತುಂಬಿಕೊಳ್ಳುತ್ತಾನೆ? ಕಬ್ಬಿಣ, ಸಿಮೆಂಟಿನಲ್ಲಿ ಅಲ್ಲ, ಅದನ್ನು ಇಂಜಿನಿಯರ್ ನೋಡುತ್ತಾರೆ. ವಾಲ್ವಿನಲ್ಲಿ, ಸಂಡಾಸಿನ ಪೈಪು ಕೂಡುವ ಚೇಂಬರಿನಲ್ಲಿ, ಗಿಲಾವಿಗೆ ನೀರು ಹೊಡೆಯುವ ದಿನಗಳಲ್ಲಿ ತುಂಬಿಕೊಳ್ಳುತ್ತಾನೆ. ನಮ್ಮ ನಲವತ್ತು ಡಿಗ್ರಿ ಬಿಸಿಲಿನಲ್ಲಿ ಎರಡು ದಿನ ನೀರು ತಪ್ಪಿಸಿದರೂ ಗಿಲಾವು ಬಿರುಕು ಬಿಡುತ್ತದೆ.

ಅದೇ ಮನುಷ್ಯನಿಗೆ, ‘ಹತ್ತು ವರ್ಷ ಈ ಮನೆ ಸೋರಿದರೆ ನಿನ್ನ ಖರ್ಚು’ ಎಂದು ಮೊದಲೇ ಬರೆದುಕೊಟ್ಟು ನೋಡಿ. ಪೈಪನ್ನು ತಾನೇ ಚರಂಡಿಯವರೆಗೆ ಎಳೆಯುತ್ತಾನೆ. ಇದು ನಾನು ಕಂಡುಹಿಡಿದ ಹೊಸ ಉಪಾಯವಲ್ಲ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳ ಗುತ್ತಿಗೆಯಲ್ಲಿ ಐದು ವರ್ಷದ ನಿರ್ವಹಣೆ ಸೇರಿಯೇ ಇರುತ್ತದೆ. ರಸ್ತೆಗೆ ಆಗುವುದು ಮನೆಗೆ ಯಾಕೆ ಆಗಬಾರದು?

ಇನ್ನೊಂದು ಸಂಕಟ ಸಣ್ಣ ರಿಪೇರಿಗಳದ್ದು. ಒಂದು ಬ್ಲಾಕಿನ ಚೇಂಬರ್ ಕುಸಿದಿದೆ ಅಂದುಕೊಳ್ಳಿ. ಎಸ್ಟಿಮೇಟ್ ಆಗಬೇಕು, ಮಂಜೂರಾತಿ ಬರಬೇಕು, ದುಡ್ಡು ಯಾವ ಲೆಕ್ಕದಲ್ಲಿ ಎಂದು ಹುಡುಕಬೇಕು. ಮನೆ ಕಟ್ಟಲು ಕೇಂದ್ರ, ರಾಜ್ಯದ ಯೋಜನೆಗಳಿವೆ. ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯಲ್ಲಿ ಪಾಲುದಾರಿಕೆಯಲ್ಲಿ ಕಟ್ಟಿಸುವ ಇಂಥ ಮನೆಗೆ ಕೇಂದ್ರ ಕೊಡುವ ಒಂದೂವರೆ ಲಕ್ಷ ಕಟ್ಟುವುದಕ್ಕೇ ಹೊರತು ಮುಂದೆ ದುರಸ್ತಿ ಮಾಡುವುದಕ್ಕಲ್ಲ. ಎಲ್ಲ ಸೇರಿ ಟೆಂಡರ್ ಕರೆದರೂ ಅಷ್ಟು ಸಣ್ಣ ಕೆಲಸಕ್ಕೆ ಯಾರೂ ಬರುವುದಿಲ್ಲ. ಸಂಡಾಸಿನ ನೀರು ಮಾತ್ರ ಅಂಗಳದಲ್ಲಿ ಹರಿಯುತ್ತಲೇ ಇರುತ್ತದೆ.

ಇಂಗ್ಲೆಂಡಿನ ರಾಚ್‌ಡೇಲ್ ಊರಿನಲ್ಲಿ 2020ರ ಡಿಸೆಂಬರಿನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು ತೀರಿಕೊಂಡಿತು. ಬಾಡಿಗೆಯ ಸಾಮಾಜಿಕ ವಸತಿಯ ಗೋಡೆಗೆ ಹಿಡಿದ ಬೂಷ್ಟು ಕಾರಣ ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ತಂದೆ ತಾಯಿ ಮೊದಲೇ ದೂರು ಕೊಟ್ಟಿದ್ದರು. ಆ ಮಗುವಿನ ಹೆಸರಿನ ನಿಯಮ 2025ರ ಅಕ್ಟೋಬರಿನಿಂದ ಅಲ್ಲಿ ಜಾರಿಯಲ್ಲಿದೆ. ಜೀವಕ್ಕೆ ಅಪಾಯವಿದ್ದರೆ 24 ಗಂಟೆಯೊಳಗೆ ಸರಿಪಡಿಸಲೇಬೇಕು. ಹೀಗೆ ಗಡುವು ಹಾಕಬೇಕಾದರೆ ಹೊಣೆ ಹೊತ್ತವನು ಒಬ್ಬನೇ ಇರಬೇಕು ಅಲ್ವಾ? ಕಟ್ಟಿದವನು ಒಬ್ಬ, ಮೋಟಾರ್ ಕೂರಿಸಿದವನು ಇನ್ನೊಬ್ಬ, ರಿಪೇರಿಗೆ ಮತ್ತೊಬ್ಬ ಆದರೆ ಎಲ್ಲರೂ ಒಬ್ಬರ ಮೇಲೊಬ್ಬರು ಬೆರಳು ತೋರಿಸುತ್ತಾರೆ.

ನಿರ್ವಹಣೆ ಅಂದರೆ ಏನು ಎಂದು ನಮ್ಮ ಭಾಗದವರಿಗೆ 2024ರ ಆಗಸ್ಟ್ 10ರ ರಾತ್ರಿ ತಿಳಿಯಿತು. ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಎಡದಂಡೆ ಕಾಲುವೆ ನಂಬಿ ಭತ್ತ ಹಚ್ಚಿದವರು ಆ ವಾರ ನಿದ್ದೆ ಮಾಡಲಿಲ್ಲ. ಅಷ್ಟು ದೊಡ್ಡ ಅಣೆಕಟ್ಟು ಒಂದು ಚೈನಿನ ಮೇಲೆ ನಿಂತಿತ್ತು.

ನನ್ನದು ಒಂದೇ ಷರತ್ತು. ನಿರ್ವಹಣೆಯ ದುಡ್ಡನ್ನು ಒಟ್ಟಿಗೆ ಕೊಡಬಾರದು. ಆರು ತಿಂಗಳಿಗೊಮ್ಮೆ, ಆ ಮನೆಗಳಲ್ಲಿ ಇರುವವರು ಸಹಿ ಹಾಕಿದ ಮೇಲೆ ಬಿಲ್ಲು ಪಾಸಾಗಬೇಕು.

ವಿರೋಧ: ದುಡ್ಡು, ಕೀಲಿ ಎರಡೂ ನಮ್ಮ ಕೈಗೆ ಕೊಡಿ

ಅಣ್ಣನವರು ಮಣ್ಣಿನ ಬಗ್ಗೆ ಬರೆದದ್ದೆಲ್ಲ ಖರೆ. ಆ ದಿನ ತಾವೂ ಸುಮ್ಮನಿದ್ದೆ ಎಂದು ಬರೆದಿದ್ದಾರಲ್ಲ, ಅದಕ್ಕೆ ಅವರ ಮೇಲೆ ಗೌರವ ಜಾಸ್ತಿಯಾಯಿತು. ಆದರೆ ಹತ್ತು ವರ್ಷ ಗುತ್ತಿಗೆದಾರನನ್ನು ನಂಬಿ ಕೂರಲು ನನಗೆ ಧೈರ್ಯ ಸಾಲದು.

ನಮ್ಮದು 48 ಮನೆಗಳ ಕಟ್ಟಡ. ಹೋದ ವರ್ಷ ಏಪ್ರಿಲಿನಲ್ಲಿ ನೀರಿನ ಮೋಟಾರ್ ಸುಟ್ಟಿತು. ಗ್ಯಾರಂಟಿ ಅವಧಿ ಇನ್ನೂ ಇತ್ತು. ಗುತ್ತಿಗೆದಾರನ ಕಡೆಯವನಿಗೆ ಫೋನ್ ಮಾಡಿದೆವು. ಮೊದಲ ದಿನ ಎತ್ತಿದ, ಎರಡನೇ ದಿನ ಎತ್ತಲಿಲ್ಲ, ಮೂರನೇ ದಿನ ಸ್ವಿಚ್ ಆಫ್. ನಾವು ಹೆಂಗಸರು ಕೊಡ ಹೊತ್ತು ಎರಡು ಮಹಡಿ ಹತ್ತಿದೆವು. ನಮ್ಮ ಪಕ್ಕದ ಮನೆಯ ಬಸುರಿ ಹೆಣ್ಣುಮಗಳೂ ಹತ್ತಿದಳು. ನಾಲ್ಕನೇ ದಿನ ಮನೆಗೆ ನೂರು ರೂಪಾಯಿ ಪಟ್ಟಿ ಎತ್ತಿ, ತೀನ್ ಕಂದೀಲ್ ಹತ್ತಿರದ ರಿವೈಂಡಿಂಗ್ ಅಂಗಡಿಗೆ ಮೋಟಾರ್ ಒಯ್ದೆವು. ಅದೇ ಸಂಜೆ ನೀರು ಬಂತು.

ಗುತ್ತಿಗೆ ಎರಡು ವರ್ಷದ್ದಿದ್ದರೂ ಅಷ್ಟೇ, ಹತ್ತು ವರ್ಷದ್ದಿದ್ದರೂ ಅಷ್ಟೇ. ಕಟ್ಟುವಾಗ ದೊಡ್ಡ ಬಿಲ್ಲು ಬಾಕಿ ಇರುತ್ತದೆ, ಹಾಗಾಗಿ ಗುತ್ತಿಗೆದಾರ ಸೈಟಿಗೆ ಬರುತ್ತಾನೆ. ಏಳನೇ ವರ್ಷ ಬರುವ ಸಣ್ಣ ಬಿಲ್ಲಿಗೆ ಯಾರು ಬರುತ್ತಾರೆ? ಇನ್ನೊಬ್ಬನಿಗೆ ಒಳಗುತ್ತಿಗೆ ಕೊಡುತ್ತಾನೆ, ಅವನು ಮತ್ತೊಬ್ಬನಿಗೆ. ಊರೂರಿನ ಶುದ್ಧ ಕುಡಿಯುವ ನೀರಿನ ಘಟಕಗಳನ್ನೂ ನಿರ್ವಹಣೆ ಸಮೇತ ಏಜೆನ್ಸಿಗಳಿಗೆ ವಹಿಸಿದ್ದರು. ಕಾಯಿನ್ ಹಾಕಿದರೆ ನೀರು ಬಾರದೆ ತುಕ್ಕು ಹಿಡಿದು ನಿಂತ ಘಟಕ ನೋಡದವರು ಈ ಜಿಲ್ಲೆಯಲ್ಲಿ ಯಾರಿದ್ದಾರೆ? ಕೆಟ್ಟದ್ದು ಒಂದು ಫಿಲ್ಟರ್, ಒಂದು ಪಂಪು. ಬದಲಾಯಿಸುವ ಅಧಿಕಾರ ಊರಿನವರ ಕೈಯಲ್ಲಿ ಇರಲಿಲ್ಲ.

ಟೆಂಡರ್ ದೊಡ್ಡದಾದಷ್ಟೂ ನಮ್ಮವರು ಹೊರಗೆ ಬೀಳುತ್ತಾರೆ. ಹತ್ತು ವರ್ಷದ ಬ್ಯಾಂಕ್ ಗ್ಯಾರಂಟಿ ಇಡಲು ರಾಯಚೂರಿನ ಸಣ್ಣ ಗುತ್ತೇದಾರನಿಗೆ ಆಗುತ್ತದೆಯೇ? ದೂರದ ದೊಡ್ಡ ಕಂಪನಿ ಬರುತ್ತದೆ, ಮುಂದಿನ ಹತ್ತು ವರ್ಷದ ಭಯವನ್ನೆಲ್ಲ ಇವತ್ತಿನ ದರದಲ್ಲೇ ಸೇರಿಸುತ್ತದೆ. ಮನೆಯ ಬೆಲೆ ಏರಿದರೆ ಬಿಸಿ ಮುಟ್ಟುವುದು ಫಲಾನುಭವಿಯ ವಂತಿಗೆಗೆ. ನಾನು ನನ್ನ ಪಾಲು ಕಟ್ಟಲು ಹೆಂಗಸರ ಉಳಿತಾಯ ಸಂಘದಲ್ಲಿ ಸಾಲ ತೆಗೆದವಳು. ಸಂಘದ ಕಂತು ಇನ್ನೂ ನಡೆಯುತ್ತಿದೆ.

ರಿಪೇರಿಗಳಲ್ಲಿ ಎರಡು ಥರ ಇವೆ. ಪಾಯ, ಪಿಲ್ಲರ್, ಮಾಳಿಗೆ ಸೋರುವುದು, ಗೋಡೆ ಸೀಳುವುದು, ಇವು ಕಟ್ಟಿದವನ ತಪ್ಪು. ಇದಕ್ಕೆ ಅಣ್ಣನವರು ಹೇಳಿದಂತೆ ಹತ್ತು ವರ್ಷ ಹೊಣೆ ಹೊರಿಸಿ, ನನ್ನ ತಕರಾರಿಲ್ಲ. ಆದರೆ ದಿನದ ಕೆಲಸ ಬೇರೆ. ನಮ್ಮ ಬೋರಿನ ನೀರು ಸವಳು. ಪೈಪಿನ ಒಳಗೆ ಬಿಳಿ ಗಟ್ಟಿ ಕಟ್ಟಿ ನಳದಲ್ಲಿ ಸಣ್ಣ ಎಳೆಯಂತೆ ನೀರು ಬೀಳುತ್ತದೆ. ವಾಲ್ವು ಒಂದೆರಡು ವರ್ಷಕ್ಕೇ ಜಾಮ್ ಆಗುತ್ತದೆ. ಟ್ಯಾಂಕ್ ತೊಳೆಯಬೇಕು, ಚೇಂಬರ್ ಎತ್ತಿಸಬೇಕು, ಮೆಟ್ಟಿಲಿನ ಬಲ್ಬು ಹಾಕಬೇಕು. ಇವಕ್ಕೆ ಬೇಕಾದವರು ನಮ್ಮ ಓಣಿಯ ಗೌಂಡಿ, ಪ್ಲಂಬರ್. ಕರೆದರೆ ಸೈಕಲ್ ಮೋಟಾರ್ ಹತ್ತಿ ಬರುವವರು.

ಸಿಂಗಪುರದಲ್ಲಿ ಜಾಸ್ತಿ ಜನ ಇರುವುದು ಸರ್ಕಾರ ಕಟ್ಟಿದ ಮನೆಗಳಲ್ಲೇ. ಅಲ್ಲಿ 1989ರಿಂದ ಟೌನ್ ಕೌನ್ಸಿಲ್‌ಗಳು ಆ ಕಟ್ಟಡಗಳನ್ನು ನೋಡಿಕೊಳ್ಳುತ್ತಿವೆ. ತಿಂಗಳ ಶುಲ್ಕದಲ್ಲಿ ಒಂದು ಪಾಲನ್ನು ಮುಂದೆ ಬರುವ ದೊಡ್ಡ ರಿಪೇರಿಗೆಂದು ಬೇರೆ ನಿಧಿಯಲ್ಲಿ ಇಡಲೇಬೇಕು ಎಂದು ಕಾನೂನಿದೆ. ನಮ್ಮಲ್ಲೂ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಇದೆ. ಮೆಟ್ಟಿಲು, ಮಾಳಿಗೆ, ಸಂಪು ಎಲ್ಲ ಮಾಲೀಕರ ಜಂಟಿ ಸ್ವತ್ತು ಎನ್ನುತ್ತದೆ. ದೊಡ್ಡವರ ಅಪಾರ್ಟ್‌ಮೆಂಟಿನಲ್ಲಿ ಸಂಘ ಮಾಡಿ ನಡೆಸುತ್ತಾರೆ. ನಮಗೆ ಮಾತ್ರ ಅದು ಬರುವುದಿಲ್ಲ ಎಂದು ಯಾಕೆ ಅಂದುಕೊಳ್ಳಬೇಕು? ಆವಾಸ್ ಯೋಜನೆಯಲ್ಲಿ ಮನೆ ಹೆಂಗಸಿನ ಹೆಸರಲ್ಲಿ ಅಥವಾ ಗಂಡ ಹೆಂಡತಿ ಇಬ್ಬರ ಹೆಸರಲ್ಲಿ ಕೊಡುತ್ತಾರೆ. ವಾರ ವಾರ ಉಳಿತಾಯದ ಲೆಕ್ಕ ಬರೆಯುವ ಹೆಂಗಸರಿಗೆ ಪಂಪಿನ ಲೆಕ್ಕ ಬರೆಯಲು ಕಷ್ಟವೇನು?

ಕಷ್ಟ ಇರುವುದು ದುಡ್ಡಿನದು. ಮನೆಗೆ ನೂರು ಎಂದರೆ ತಿಂಗಳಿಗೆ 4,800 ರೂಪಾಯಿ. ಪಂಪಿನ ಕರೆಂಟ್ ಬಿಲ್ಲು, ಕಸದವನ ಪಗಾರ ಕೊಟ್ಟರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅದಕ್ಕೇ ನಾನು ಕೇಳುವುದು ಇಷ್ಟು. ಕಟ್ಟುವ ವೆಚ್ಚದಲ್ಲಿ ನೂರಕ್ಕೆ ಎರಡು ರೂಪಾಯಿ ತೆಗೆದು, ಇಲಾಖೆ ಮತ್ತು ನಿವಾಸಿಗಳ ಜಂಟಿ ಖಾತೆಯಲ್ಲಿ ಠೇವಣಿ ಇಡಿ. ಒಂದು ಮನೆಗೆ ಆರು ಲಕ್ಷ ಎಂದು ಹಿಡಿದರೆ 48 ಮನೆಗೆ 2 ಕೋಟಿ 88 ಲಕ್ಷ. ಅದರಲ್ಲಿ ಎರಡು ಪಾಲು ಎಂದರೆ 5 ಲಕ್ಷ 76 ಸಾವಿರ. ವರ್ಷಕ್ಕೆ 35 ಸಾವಿರ ಆಸುಪಾಸು ಬಡ್ಡಿ ಬಂದರೂ ಟ್ಯಾಂಕ್, ವಾಲ್ವು, ಚೇಂಬರಿನ ಖರ್ಚು ಬಹುಮಟ್ಟಿಗೆ ಸಾಗುತ್ತದೆ. ಅಸಲು ಮುಟ್ಟಬೇಕಾದರೆ ಇಂಜಿನಿಯರ್ ಸಹಿ ಬೇಕು ಎಂದು ಬರೆದುಕೊಳ್ಳಿ.

ಜಗಳ ಆಗುವುದಿಲ್ಲವೇ ಎಂದು ಕೇಳಬಹುದು. ಆಗುತ್ತದೆ. ನೆಲಮನೆಯವರು ಮಾಳಿಗೆ ಸೋರಿಕೆಗೆ ದುಡ್ಡು ಕೊಡಲು ಒಪ್ಪುವುದಿಲ್ಲ, ಮೇಲಿನವರು ಚೇಂಬರಿಗೆ ಒಪ್ಪುವುದಿಲ್ಲ. ಎರಡು ಸಭೆ ಮುರಿದುಬಿದ್ದವು, ಮೂರನೆಯದರಲ್ಲಿ ಒಪ್ಪಿದರು. ಈ ತಿಂಗಳು ಒಂಬತ್ತು ಮನೆಯ ಪಟ್ಟಿ ಬಾಕಿ ಇದೆ. ಅದರಲ್ಲಿ ಎರಡು ಮನೆ ಒಂಟಿ ಅಜ್ಜಿಯರದ್ದು, ಪಿಂಚಣಿ ಮೇಲೆ ಬದುಕುವವರು. ಅವರ ಹತ್ತಿರ ಕೇಳುವುದು ಬೇಡ ಎಂದು ನಾವೇ ತೀರ್ಮಾನಿಸಿದ್ದೇವೆ. ಪಂಪ್ ರೂಮಿನ ಒಂದು ಕೀಲಿ ಇನ್ನೂ ಗುತ್ತಿಗೆದಾರನ ಕಡೆಯವನ ಹತ್ತಿರವೇ ಇದೆ. ಅದನ್ನು ಮೊದಲು ಕೊಡಿಸಿ.