ಸೋಮವಾರ ಯುದ್ಧ ಬೇಕು, ಬುಧವಾರ ಬೇಡ

2011ರ ಮಾರ್ಚ್ 7, ಸೋಮವಾರ. ಲಿಬಿಯಾದಲ್ಲಿ ಗಡಾಫಿ ತನ್ನ ಜನರ ಮೇಲೇ ಗುಂಡು ಹಾರಿಸುತ್ತಿದ್ದ ಸಮಯ. ನೀವಾಗಿದ್ದರೆ ಏನು ಮಾಡ್ತಿದ್ರಿ ಅಂತ ಫಾಕ್ಸ್ ನ್ಯೂಸ್‌ನಲ್ಲಿ ನ್ಯೂಟ್ ಗಿಂಗ್ರಿಚ್ ಅವರನ್ನು ಕೇಳಿದರು. ಅಮೆರಿಕದ ಕೆಳಮನೆಯ ಮಾಜಿ ಸ್ಪೀಕರ್, ಅಧ್ಯಕ್ಷರಾಗುವ ಆಸೆ ಬೇರೆ ಇತ್ತು. ಅಂಥವರು ತಡವರಿಸುತ್ತಾರಾ? ಲಿಬಿಯಾದ ಮೇಲೆ ವಿಮಾನ ಹಾರದಂತೆ ನಿಷೇಧ ಹಾಕಿ ಅಂದರು. ಯಾವಾಗ? ಇವತ್ತು ಸಂಜೆಯೇ! ವಿಶ್ವಸಂಸ್ಥೆಯನ್ನು ಕೇಳೋದೂ ಬೇಕಿಲ್ಲವಂತೆ.

ಸಂಜೆ ಅಂದರೆ ಎಷ್ಟು ಗಂಟೆಗೆ, ಕಾಫಿಗೆ ಮುಂಚೆಯೋ ಆಮೇಲೋ, ಅದನ್ನು ಮಾತ್ರ ಹೇಳಲಿಲ್ಲ.

ಆಗಿನ ಅಧ್ಯಕ್ಷ ಒಬಾಮಾ ಅವರದ್ದು ನಿಧಾನದ ಸ್ವಭಾವ. ಮಾರ್ಚ್ 17ಕ್ಕೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಈ ನಿಷೇಧಕ್ಕೆ ಮತ ಬಿತ್ತು. ಹತ್ತು ದೇಶ ಪರ, ಐದು ತಟಸ್ಥ. ಆ ಐದರಲ್ಲಿ ನಮ್ಮದೂ ಒಂದು. 19ರಿಂದ ಕ್ಷಿಪಣಿ ಹಾರಿದವು. ಗಿಂಗ್ರಿಚ್ ಕೇಳಿದ್ದೇ ಸಿಕ್ಕಿತು, ಸಂಜೆ ಹನ್ನೆರಡು ದಿನ ತಡವಾಯಿತು ಅಷ್ಟೆ.

ಖುಷಿಪಡಬೇಕಿತ್ತು ಅಲ್ವಾ? ಮಾರ್ಚ್ 23, ಬುಧವಾರ. ಬೆಳಗಿನ ಟಿವಿ ಕಾರ್ಯಕ್ರಮ, ಬೇರೆ ಚಾನೆಲ್ಲು, ಅದೇ ಗಿಂಗ್ರಿಚ್. ನಾನಾಗಿದ್ದರೆ ಮಧ್ಯೆ ಹೋಗುತ್ತಲೇ ಇರಲಿಲ್ಲ ಅಂದರು. ಗಡಾಫಿಯನ್ನು ಬಗ್ಗಿಸೋಕೆ ಬೇರೆ ದಾರಿ ಬೇಕಾದಷ್ಟಿದ್ದವಂತೆ.

ಮದುವೆ ಊಟದಲ್ಲಿ ಇಂಥ ದೊಡ್ಡಪ್ಪ ಒಬ್ಬರು ಇದ್ದೇ ಇರುತ್ತಾರೆ. ಹೋಳಿಗೆ ಎಲ್ಲಯ್ಯಾ, ಬೇಗ ತಾ ಅಂತ ಪಂಕ್ತಿಯೆಲ್ಲ ತಿರುಗಿ ನೋಡೋ ಹಾಗೆ ಕೂಗುತ್ತಾರೆ. ಹುಡುಗ ಓಡಿ ಬಂದು ಬಡಿಸಿ, ಮೇಲೆ ತುಪ್ಪ ಹಾಕಿದ ತಕ್ಷಣ ಮುಖ ಸಿಂಡರಿಸಿ, ‘ನಂಗೆ ಸಕ್ಕರೆ ಕಾಯಿಲೆ, ಯಾರು ಹಾಕು ಅಂದಿದ್ದು?’

ಎರಡೂ ವಿಡಿಯೊ ಪಕ್ಕಪಕ್ಕ ಬಂದ ಮೇಲೆ ಗಿಂಗ್ರಿಚ್ ಅವರಿಂದ ವಿವರಣೆ ಬಂತು. ಮಾರ್ಚ್ 3ರಂದು ಒಬಾಮಾ ‘ಗಡಾಫಿ ಇಳಿಯಬೇಕು’ ಅಂದುಬಿಟ್ಟರು. ಅದಕ್ಕೆ ಮುಂಚೆ ಕೇಳಿದ್ದರೆ ನಾನು ಬೇಡ ಅಂತಿದ್ದೆ, ಆಮೇಲೆ ಬೇರೆ ದಾರಿ ಇರಲಿಲ್ಲ ಅಂದರು. ಅಯೋವಾದ ಸಭೆಯಲ್ಲಿ ಕೆರೆಯ ಉದಾಹರಣೆಯನ್ನೂ ಕೊಟ್ಟರು: ಕೆರೆಗೆ ಹಾರಬೇಡಿ ಅಂತಿದ್ದೆ, ಹಾರಿದ ಮೇಲೆ ಬೇಗ ಈಜಿ ಅಂದೆ. ಕೇಳೋಕೆ ಚೆನ್ನಾಗಿದೆ. ಆದರೆ 7ನೇ ತಾರೀಖು ಕೆರೆಗೆ ಯಾರೂ ಹಾರಿರಲಿಲ್ಲ. ಒಬಾಮಾ ದಂಡೆಯ ಮೇಲೆ ನಿಂತು, ಚಪ್ಪಲಿ ಕೂಡ ಬಿಡದೆ, ನೀರು ಎಷ್ಟು ತಣ್ಣಗಿದೆ ಅಂತ ಲೆಕ್ಕ ಹಾಕುತ್ತಿದ್ದರು. ಹಿಂದಿನಿಂದ ‘ಹಾರು, ಈಗಲೇ ಹಾರು’ ಅಂದಿದ್ದು ಯಾರು?

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋರನ್ನು ನಾವು ಸುಮ್ನೆ ಬೈಯುತ್ತೀವಿ. ಪಾಪ, ಅವರು ಕೊನೆವರೆಗೂ ಮೂರೇ ಅಂತಾರೆ. ಇಲ್ಲಿ ಮೊಲಕ್ಕೆ ಎಷ್ಟು ಕಾಲು ಅಂತ ಹೇಳಬೇಕಾದರೆ ಮೊದಲು ಒಬಾಮಾ ಎಷ್ಟು ಅಂದರು ಅಂತ ನೋಡಬೇಕು.

ಒಬಾಮಾ ಅವರೇನು ಕಮ್ಮಿಯಿಲ್ಲ ಬಿಡಿ. ದೇಶಕ್ಕೆ ನೇರ ಅಪಾಯ ಇಲ್ಲದಿದ್ದರೆ ಅಧ್ಯಕ್ಷ ಒಬ್ಬನೇ ದಾಳಿಗೆ ಅಪ್ಪಣೆ ಕೊಡುವ ಹಾಗಿಲ್ಲ ಅಂತ 2007ರಲ್ಲಿ, ಅಭ್ಯರ್ಥಿಯಾಗಿದ್ದಾಗ, ಸಂವಿಧಾನದ ಪಾಠ ಹೇಳಿದ್ದರು. 2011ರಲ್ಲಿ ಸಂಸತ್ತಿನ ಮತ ಕೇಳದೇ ಲಿಬಿಯಾಕ್ಕೆ ವಿಮಾನ ಕಳಿಸಿದರು. ಅನುಮತಿ ಇಲ್ಲದೆ 60 ದಿನಕ್ಕಿಂತ ಜಾಸ್ತಿ ಕಾಳಗ ನಡೆಸುವಂತಿಲ್ಲ ಅನ್ನುವ ಕಾನೂನು ಎದುರು ಬಂದಾಗ, ಆ ಕಾನೂನು ಹೇಳುವ ಕಾಳಗ ಇದಲ್ಲ ಅಂತ ಅವರ ಸರ್ಕಾರ ವಾದಿಸಿತು. ಬಾಂಬ್ ಬೀಳುತ್ತಿತ್ತು, ಕಾಳಗ ಮಾತ್ರ ಇರಲಿಲ್ಲ.

ಗಿಂಗ್ರಿಚ್ ಮೇ ತಿಂಗಳಲ್ಲಿ ಅಧ್ಯಕ್ಷ ಸ್ಥಾನದ ಕಣಕ್ಕೆ ಇಳಿದರು. 2012ರ ಜನವರಿಯಲ್ಲಿ, ಫ್ಲೋರಿಡಾದಲ್ಲಿ ನಿಂತು, ನನ್ನ ಎರಡನೇ ಅವಧಿ ಮುಗಿಯೋದರೊಳಗೆ ಚಂದ್ರನ ಮೇಲೆ ಕಾಯಂ ನೆಲೆ ಕಟ್ಟುತ್ತೇವೆ ಅಂದರು. ಮೊದಲನೇ ಅವಧಿಯೇ ಸಿಗಲಿಲ್ಲ. ಒಳ್ಳೆಯದೇ ಆಯಿತೇನೋ. ಅಲ್ಲಿ ಗಾಳಿಯೇ ಇಲ್ಲ. ಗಾಳಿ ಬಂದ ಕಡೆ ತೂರಿಕೊಂಡೇ ಬದುಕಿದವರು ಅಲ್ಲಿ ಹೋಗಿ ಏನು ಮಾಡುತ್ತಿದ್ದರು?