ಮಸ್ಟ್ ಅಂಡ್ ಶುಡ್ ಬರ್ಬೇಕ್ರಿ!

ಲಗ್ನದ ಸೀಜನ್ ಬಂತೆಂದರೆ ಕಲಬುರಗಿಯಲ್ಲಿ ಬಿಸಿಲಿಗಿಂತ ಮೊದಲು ತಲೆಗೇರುವುದು ಈ ಮಾತು: "ಮಸ್ಟ್ ಅಂಡ್ ಶುಡ್ ಬರ್ಬೇಕ್ರಿ ಮತ್ತ!" ಕಾರ್ಡು ಕೈಗಿಡುವಾಗ ಒಮ್ಮೆ, ಚಪ್ಪಲಿ ಮೆಟ್ಟುವಾಗ ಒಮ್ಮೆ, ಗಾಡಿಗೆ ಕಿಕ್ ಹೊಡೆಯುವಾಗ ಇನ್ನೊಮ್ಮೆ. ಮಸ್ಟ್ ಒಂದು, ಶುಡ್ ಎರಡು, ಬರ್ಬೇಕು ಮೂರು. ಒಂದು ಊಟಕ್ಕೆ ಮೂರು ಸಮನ್ಸು! ಕೊನೆಯ ಆ "ರಿ" ಒಂದೇ ಸ್ವಲ್ಪ ಕರುಣೆ ತೋರಿಸುವುದು.

ಇಂಗ್ಲಿಷಿನಲ್ಲಿ ಮಸ್ಟ್ ಅಂದರೆ ಬಿಡುವಂತಿಲ್ಲ. ಶುಡ್ ಅಂದರೆ ಮಾಡಿದರೆ ಚಲೋ, ಡಾಕ್ಟರು ವಾಕಿಂಗ್ ಹೋಗಿ ಅಂದ ಹಾಗೆ. ಎರಡನ್ನೂ ಕೂಡಿಸಿದರೆ ಬಿಗಿ ಹೆಚ್ಚುವುದಿಲ್ಲ, ಗಟ್ಟಿ ಹಾಲಿಗೆ ಒಂದು ಚರಿಗಿ ನೀರು ಹೊಯ್ದಂತೆ. "ಬರಲೇಬೇಕು, ಬಂದರೆ ಒಳ್ಳೆಯದು" ಅಂದರೆ ಯಾರು ಬರುತ್ತಾರೆ?

ನಮ್ಮ ಬೇಕು ಒಂದೇ ಸಾಕಿತ್ತು. ಚಹಾ ಬೇಕು ಅಂದರೆ ಆಸೆ, ಚಹಾ ಮಾಡಬೇಕು ಅಂದರೆ ಕೆಲಸ, ಚಹಾ ಆರಿರಬೇಕು ಅಂದರೆ ಊಹೆ. ಮಸ್ಟ್ ಕೆಲಸಕ್ಕೂ ಊಹೆಗೂ ಬರುತ್ತದೆ, ಆಸೆಗೆ ಮಾತ್ರ ಬರುವುದಿಲ್ಲ. ಬಿಗಿ ಬೇಕಿದ್ದರೆ ನಮ್ಮಲ್ಲಿ ನಡುವೆ ಒಂದು "ಲೇ" ತುರುಕಿದರೆ ಆಯಿತು.

"ಮಸ್ಟ್ ಟು ಕಮ್" ಅನ್ನುವವರೂ ಇದ್ದಾರೆ. ಆ "ಟು" ಕರೆಯದೆ ಬಂದ ನೆಂಟ. ಮಸ್ಟ್ ಆದಮೇಲೆ ನೇರ ಕ್ರಿಯಾಪದವೇ.

ಇಲ್ಲ ಅನ್ನುವಾಗ ಫಜೀತಿ ದೊಡ್ಡದು. ಬೇಕಾಗಿಲ್ಲ ಅನ್ನಲು "ಡೋಂಟ್ ಹ್ಯಾವ್ ಟು" ಇದೆ. "ಮಸ್ಟ್ ನಾಟ್" ಅಂದರೆ ಕೂಡದು. ಉಡುಗೊರೆ ತರಬೇಕಾಗಿಲ್ಲ ಎಂಬ ಸೌಜನ್ಯಕ್ಕೆ "ಯು ಮಸ್ಟ್ ನಾಟ್ ಬ್ರಿಂಗ್ ಗಿಫ್ಟ್" ಅಂದುಬಿಟ್ಟರೆ, ಸ್ಟೀಲ್ ಡಬ್ಬಿ ಹಿಡಿದು ಬಂದವನು ಮಂಟಪದ ಬಾಗಿಲಲ್ಲಿ ಕಳ್ಳನಂತೆ ನಿಲ್ಲಬೇಕು.

ಹಿಂದೆಲ್ಲ ಹಿರಿಯರು ಮನೆಗೆ ಬಂದು, ಕುಂಕುಮ ಹಚ್ಚಿ "ಬರ್ರಿ ಯಪ್ಪಾ" ಅಂದರೆ ಮುಗಿಯಿತು. ಮಸ್ಟೂ ಇಲ್ಲ, ಶುಡ್ಡೂ ಇಲ್ಲ. ಓಣಿ ಓಣಿಯೇ ಹೊರಡುತ್ತಿತ್ತು.

ಕಡೆಯ ತೊಡಕು ನಿನ್ನೆಯದು. ಮಸ್ಟ್‌ಗೆ ಭೂತಕಾಲದ ರೂಪವಿಲ್ಲ. ಅದೇ ಹಳೆಯ ಇಂಗ್ಲಿಷಿನ ಒಂದು ಕ್ರಿಯಾಪದದ ಭೂತಕಾಲ. ಮುದುಕನಿಗೆ ಇನ್ನೊಮ್ಮೆ ಮುಪ್ಪು ಎಲ್ಲಿಂದ ತರುವುದು? ನಿನ್ನೆಯ ಕಡ್ಡಾಯಕ್ಕೆ "ಹ್ಯಾಡ್ ಟು" ಬೇಕು. ಬರಬೇಕಾಗಿತ್ತು, ಬರಲಿಲ್ಲ ಎಂಬ ಆಕ್ಷೇಪಕ್ಕೆ "ಶುಡ್ ಹ್ಯಾವ್ ಕಮ್" ಅನ್ನಬೇಕು. ಶುಡ್‌ನ ನಿಜವಾದ ಕೆಲಸ ಇಲ್ಲಿ, ಆದರೆ ಇಲ್ಲೇ ಅದನ್ನು ಕೈಬಿಟ್ಟು, ಲಗ್ನದ ಮರುದಿನ ಸೂಪರ್ ಮಾರ್ಕೆಟ್‌ನಲ್ಲಿ ತಡೆದು ಮುಖ ಸಿಂಡರಿಸಿ ಹೇಳುವುದು: "ಯು ಮಸ್ಟ್ ಹ್ಯಾವ್ ಕಮ್!" ಇದರ ಅರ್ಥ, ನೀವು ಖಂಡಿತ ಬಂದಿದ್ದಿರಬೇಕು ಎಂಬ ಊಹೆ.

ತಪ್ಪಿಸಿಕೊಂಡವರು ಹೆದರಬೇಕಾಗಿಲ್ಲ. ವ್ಯಾಕರಣ ನಿಮ್ಮ ಕಡೆಗಿದೆ. ಧೈರ್ಯವಾಗಿ ಹೇಳಿ: "ಹೌದ್ರಿ, ಊಟ ಮಸ್ತ್ ಇತ್ತು!"