ಕಥೆಯನ್ನು ನೇರವಾಗಿ ಹೇಳಿದರೆ ಏನು ಕಳೆದುಹೋಗುತ್ತದೆ?

ಕಾಲೇಜು ಮಕ್ಕಳು ಕಿರುಚಿತ್ರದ ಕಥೆ ಚರ್ಚೆಗೆ ಕರೆದಾಗ ನಾನು ಮೊದಲು ಕೇಳುವುದು ಇದನ್ನೇ. ಹಿಂದುಮುಂದಾಗಿ ಸಾಗುವ ಕಥೆ ಈಗ ಎಲ್ಲರಿಗೂ ಬೇಕು. ಇಲ್ಲೇ ಮುಂಬೈಯಲ್ಲಿ ಮಾಸ್ ಮೀಡಿಯಾ ಓದುತ್ತಿರುವ ನನ್ನ ಅಕ್ಕನ ಮಗನಿಗೂ, ಅವನ ಗೆಳೆಯರಿಗೂ ಬೇಕು. "ಚಿಕ್ಕಮ್ಮಾ, ನೇರ ಕಥೆ ಮಾಡಿದ್ರೆ ಸ್ಪರ್ಧೆಯ ಜೂರಿಯವರು ಎರಡು ನಿಮಿಷಕ್ಕೇ ಮೊಬೈಲ್ ಕೈಗೆ ತಗೊಳ್ತಾರೆ" ಅನ್ನುತ್ತಾನೆ. ಅವನ ಆತಂಕ ಸುಳ್ಳಲ್ಲ. ಆದರೆ ಅವರು ಬರೆದು ತಂದ ಕಥೆಗಳೆಲ್ಲ ಎರಡೇ ಬಗೆ: ಒಂದು ಕೊಲೆ, ಅದನ್ನು ಮೂವರು ಮೂರು ರೀತಿ ಹೇಳುತ್ತಾರೆ, ಇಲ್ಲವೇ ಕೊನೆಗೆ ಎಲ್ಲವೂ ಕನಸು. ಒಂದೇ ಕೊಲೆಯನ್ನು ಹಲವರು ಹಲವು ರೀತಿ ಹೇಳುವ ರಾಶೊಮಾನ್ ಚಿತ್ರವನ್ನು ಜಪಾನಿನ ನಿರ್ದೇಶಕ ಕುರೊಸಾವಾ 1950ರಲ್ಲಿ ಮಾಡಿದಾಗ ಅದರ ಜೀವ ಇದ್ದದ್ದು ಕಾಲದ ಆಟದಲ್ಲಲ್ಲ, ಒಬ್ಬೊಬ್ಬರೂ ತಮ್ಮ ಮಾನ ಉಳಿಸಿಕೊಳ್ಳಲು ಹೇಳುವ ಸುಳ್ಳಿನಲ್ಲಿ. ಸುಳ್ಳು ಹೇಳುವ ದರ್ದೇ ಇಲ್ಲದ ಪಾತ್ರಗಳ ಬಾಯಲ್ಲಿ ಅದೇ ಘಟನೆಯನ್ನು ಮೂರು ಸಲ ಹೇಳಿಸಿದರೆ, ಹತ್ತು ನಿಮಿಷದ ಚಿತ್ರದಲ್ಲಿ ಮೂರರಲ್ಲಿ ಎರಡು ಪಾಲು ವ್ಯರ್ಥ.

ಧಾರಾವಾಹಿಗಳ ಎಡಿಟಿಂಗ್ ನನ್ನ ಕೆಲಸ. ಕಂಪ್ಯೂಟರಿನ ಟೈಮ್‌ಲೈನ್ (ದೃಶ್ಯಗಳು ಸಾಲಾಗಿ ಕೂರುವ ಪಟ್ಟಿ) ಮೇಲೆ ದೃಶ್ಯವೊಂದನ್ನು ಎಳೆದು ಆಚೀಚೆ ಇಡುವುದು ಎಷ್ಟು ಸಲೀಸು ಅಂತ ದಿನಾ ನೋಡುತ್ತೇನೆ. ಆ ಸಲೀಸನ್ನು ನಂಬಿ ಕಥೆ ಬರೆಯಬೇಡಿ. ಯಾವ ಕಥೆಗೂ ಎರಡು ಕ್ರಮಗಳಿವೆ, ನಡೆದ ಕ್ರಮ ಒಂದು, ತಿಳಿದ ಕ್ರಮ ಇನ್ನೊಂದು. ಇವೆರಡೂ ತಾವಾಗಿಯೇ ಬೇರೆಬೇರೆಯಾಗಿರುವ ಬದುಕನ್ನು ಹುಡುಕಿ. ಅಂಥದ್ದು ಸಿಕ್ಕರೆ ನೀವು ಬಲವಂತವಾಗಿ ಏನನ್ನೂ ಕಲಸಬೇಕಾಗಿಲ್ಲ.

ಹುಡುಕಲು ದೂರ ಹೋಗಬೇಕಾಗಿಯೂ ಇಲ್ಲ. ಮುಂಬೈ ಕನ್ನಡಿಗರಾದ ನಮ್ಮ ಹಿರಿಯರು ಊರು ಬಿಟ್ಟು ಬಂದು ಮಾಟುಂಗಾ, ಫೋರ್ಟ್ ಕಡೆಯ ಹೋಟೆಲುಗಳಲ್ಲಿ ಹಗಲೆಲ್ಲ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವರು. 1970ರ ದಶಕದ ಅಂಥ ಒಬ್ಬ ಹುಡುಗನನ್ನು ನೆನೆಸಿಕೊಳ್ಳಿ. ಓದು ಬಾರದ ದಿನಗಳಲ್ಲಿ ಊರಿಂದ ಬಂದ ಇನ್‌ಲ್ಯಾಂಡ್ ಪತ್ರವನ್ನು ಗಲ್ಲಾದಲ್ಲಿ ಕೂತವರು ಓದಿ ಹೇಳುತ್ತಿದ್ದರು. ಈಗ ಅವನೇ ಅಕ್ಷರ ಕೂಡಿಸಿ ಓದಬಲ್ಲ. ಅಷ್ಟರಲ್ಲಿ ಟೆಲಿಗ್ರಾಂ ಬರುತ್ತದೆ, ತಾಯಿ ತೀರಿಕೊಂಡರು ಅಂತ. ಅದಾಗಿ ನಾಲ್ಕು ದಿನಕ್ಕೆ ಅಂಚೆಯವನು ಒಂದು ಪತ್ರ ಕೊಟ್ಟು ಹೋಗುತ್ತಾನೆ. ತಾಯಿಯೇ ಪಕ್ಕದ ಮನೆಯ ಹುಡುಗಿಯಿಂದ ಬರೆಸಿದ್ದು, ಸಾಯುವ ಮುಂಚೆ ಅಂಚೆಗೆ ಹಾಕಿದ್ದು. "ದನ ಕರು ಹಾಕಿದೆ. ಹಲಸಿನ ಹಪ್ಪಳ ಒಣಗಿಸಿ ಇಟ್ಟಿದ್ದೇನೆ, ಮುಂಬೈಗೆ ಹೊರಟವರು ಸಿಕ್ಕಿದರೆ ಕಳಿಸುತ್ತೇನೆ. ದೀಪಾವಳಿಗೆ ಬರುತ್ತೀಯಾ?" ಅವನು ಸ್ವಂತವಾಗಿ ಓದಿದ ಮೊದಲ ಪತ್ರ ಅದು.

ಇದನ್ನು ನಡೆದ ಹಾಗೇ ತೋರಿಸಿದರೆ ಕಣ್ಣೀರು ಬರುತ್ತದೆ, ನಿಜ. ಆದರೆ ಪತ್ರದ ದೃಶ್ಯವನ್ನೇ ಮೊದಲು ಇಡಿ. ಹುಡುಗ ತಡವರಿಸುತ್ತ ಓದುತ್ತಾನೆ, ಹಪ್ಪಳದ ಸಾಲಿಗೆ ಬಂದವನು ಮುಂದೆ ಹೋಗುವುದೇ ಇಲ್ಲ. ಹಪ್ಪಳಕ್ಕೆ ಯಾಕಿಷ್ಟು ಸಂಕಟ ಅಂತ ನೋಡುವವರಿಗೆ ತಿಳಿಯುವುದಿಲ್ಲ. ಆಮೇಲೆ ಟೆಲಿಗ್ರಾಂ ಬಂದ ದಿನ. ಕೊನೆಗೆ ಅವೇ ಸಾಲುಗಳು ಮತ್ತೊಮ್ಮೆ, ಈ ಸಲ ತಾಯಿಯ ದನಿಯಲ್ಲಿ. ಒಂದಕ್ಷರವೂ ಬದಲಾಗಿಲ್ಲ, ಬದಲಾದದ್ದು ಕೇಳುತ್ತಿರುವ ನಾವು. ನೇರವಾಗಿ ಹೇಳಿದ್ದರೆ ಕಳೆದುಹೋಗುತ್ತಿದ್ದದ್ದು ಇದೇ. ಇಲ್ಲಿ ಮೊದಲು ಕ್ರಮ ತಪ್ಪಿಸಿದ್ದು ನಿರ್ದೇಶಕನಲ್ಲ, ಅಂಚೆ ಇಲಾಖೆ. (ಟೆಲಿಗ್ರಾಂ 2013ರಲ್ಲಿ ನಿಂತುಹೋಯಿತು. ಈಗಿನ ಮಕ್ಕಳಿಗೆ ಅದು ಅರ್ಥವಾಗದು ಅನ್ನುವ ಭಯ ಬೇಡ. ಅದನ್ನು ನೋಡಿದ ಕೂಡಲೇ ಹೋಟೆಲಿನ ಹಿರಿಯರೆಲ್ಲ ಮಾತು ನಿಲ್ಲಿಸುವುದನ್ನು ತೋರಿಸಿದರೆ ಸಾಕು.)

ಚರ್ಚೆಯಲ್ಲಿ ಒಬ್ಬ ಹುಡುಗಿ "ಇದೆಲ್ಲ ಹೊರಗಿನ ತಂತ್ರ, ನಮ್ಮಲ್ಲಿ ಕಥೆ ಅಂದ್ರೆ ಒಂದಾನೊಂದು ಕಾಲದಲ್ಲಿ ಅಂತಲೇ ಶುರು" ಅಂದಳು. ನನಗೆ ಸುಮ್ಮನಿರಲಾಗಲಿಲ್ಲ. 13ನೇ ಶತಮಾನದ ಕವಿ ಜನ್ನನ ಯಶೋಧರ ಚರಿತೆಯನ್ನು ತೆಗೆದು ನೋಡಿ. ಮಾರಿಗುಡಿಯಲ್ಲಿ ಬಲಿಗೆಂದು ಇಬ್ಬರು ಎಳೆಯರನ್ನು ತಂದು ನಿಲ್ಲಿಸಿದ್ದಾರೆ. ಅಣ್ಣ ತಂಗಿ. ಕತ್ತಿ ಹಿಡಿದ ರಾಜ ಮಾರಿದತ್ತ ನೀವು ಯಾರೆಂದು ಕೇಳುತ್ತಾನೆ, ಹುಡುಗ ತಮ್ಮ ಹಿಂದಿನ ಜನ್ಮಗಳ ಕಥೆ ಹೇಳತೊಡಗುತ್ತಾನೆ. ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟದ್ದಕ್ಕೇ ಜನ್ಮಜನ್ಮಾಂತರ ಅನುಭವಿಸಿದ ಕಥೆ. ಕೇಳುತ್ತಿರುವವನ ಕೈಯಲ್ಲಿ ಕತ್ತಿ ಇರುವುದರಿಂದಲೇ ಹಳೆಯ ಜನ್ಮಗಳಿಗೆ ಅಷ್ಟು ಬಿಸಿ. ಫ್ಲ್ಯಾಶ್‌ಬ್ಯಾಕ್ ಬರೆಯುವವರು ಇದನ್ನು ಗಮನಿಸಬೇಕು: ಹಿಂದಿನದನ್ನು ಹೇಳುವುದರಿಂದ ಈಗಿನದು ಏನಾದರೂ ಬದಲಾಗಬೇಕು. ಮಾರಿದತ್ತ ಬದಲಾಗುತ್ತಾನೆ. ನಿಮ್ಮ ಚಿತ್ರದಲ್ಲಿ ಕಿಟಕಿಯಾಚೆ ನೋಡುತ್ತ ನೆನೆಸಿಕೊಳ್ಳುವವನು ಬದಲಾಗುತ್ತಾನೆಯೇ?

ಇನ್ನೆರಡು ಕಥೆಗಳನ್ನೂ ಮಕ್ಕಳ ಮುಂದೆ ಇಟ್ಟೆ. ವರ್ಲಿ, ನಾಯ್‌ಗಾಂವ್ ಕಡೆಯ ಬಿಡಿಡಿ ಚಾಳ್‌ಗಳು (ಒಂದೊಂದೇ ಕೋಣೆಯ ಮನೆಗಳಿರುವ ಹಳೆಯ ಕಟ್ಟಡಗಳು) 1920ರ ದಶಕದವು, 160 ಚದರಡಿಯ ಖೋಲಿಗಳು. ಈಗ ಅವನ್ನು ಕೆಡವಿ ಟವರ್ ಕಟ್ಟುತ್ತಿದ್ದಾರೆ. ಖಾಲಿ ಖೋಲಿಯಿಂದ ಚಿತ್ರ ಶುರುವಾಗಲಿ. ಗೋಡೆಯಲ್ಲಿ ಸ್ಟವ್ ಮಸಿ, ಕ್ಯಾಲೆಂಡರ್ ಇದ್ದ ಕಡೆ ಬಣ್ಣ ಮಾಸದ ಚೌಕ, ಸೂರಿನಲ್ಲಿ ಒಂದು ಕೊಕ್ಕೆ. ಅಲ್ಲಿಂದ ಹಿಂದಕ್ಕೆ ಹೋಗುತ್ತ ಒಂದೊಂದು ಗುರುತಿಗೂ ಅದರ ಕಾರಣ ಸಿಗುತ್ತದೆ, ಕೊನೆಗೆ ಕೊಕ್ಕೆಗೆ ತೊಟ್ಟಿಲು. ಚಿತ್ರೀಕರಣಕ್ಕೂ ಅನುಕೂಲ: ತುಂಬಿದ ಮನೆಯಿಂದ ಶುರುಮಾಡಿ ಸಾಮಾನು ತೆಗೆಯುತ್ತ ಹೋಗಿ, ಎಡಿಟಿಂಗಿನಲ್ಲಿ ತಿರುಗಿಸಿ.

ಇನ್ನೊಂದು ಕೊಂಕಣ ರೈಲಿನದು. 1998ರಲ್ಲಿ ಪೂರ್ತಿ ತೆರೆದ ಆ ದಾರಿಯಲ್ಲಿ ತೊಂಬತ್ತಕ್ಕೂ ಹೆಚ್ಚು ಸುರಂಗಗಳು. ರತ್ನಾಗಿರಿ ಬಳಿಯ ಕರಬುಡೆಯದೇ 6.5 ಕಿಲೋಮೀಟರ್. ಸುರಂಗ ಹೊಕ್ಕ ತಕ್ಷಣ ಹೊರಗೆ ಕತ್ತಲು, ಒಳಗೆ ದೀಪ. ಕಿಟಕಿಯ ಗಾಜಿನಲ್ಲಿ ನಮ್ಮದೇ ಮುಖ ಮೂಡುತ್ತದೆ. ಮದುಮಗಳಾಗಿ ಮುಂಬೈಗೆ ಬಂದವಳು ನಲವತ್ತೈದರಲ್ಲಿ ಅದೇ ದಾರಿಯಲ್ಲಿ ಊರಿಗೆ ಹೊರಟಿದ್ದಾಳೆ. ಸುರಂಗದೊಳಗಿನ ಗಾಜಿನಲ್ಲಿ ಕಾಣುವುದು ಅವಳ ಇಪ್ಪತ್ತರ ಮುಖ. ರೈಲಿನಲ್ಲಿ ಶೂಟ್ ಮಾಡಲು ರೈಲ್ವೆಯ ಅನುಮತಿ ಬೇಕು. ಅದು ಸಿಗದಿದ್ದರೆ ಒಂದು ಗಾಜು, ಒಂದು ದೀಪ, ರೈಲಿನ ಸದ್ದು ಇದ್ದರೂ ನಡೆಯುತ್ತದೆ.

ಖೋಲಿಯ ಕಥೆಯಂತೆ ಒಂದೇ ಸಮನೆ ಹಿಂದಕ್ಕೆ ಸಾಗುವುದನ್ನು ಬಿಟ್ಟರೆ, ಹತ್ತು ನಿಮಿಷದ ಚಿತ್ರಕ್ಕೆ ಎರಡು ಕಾಲಕ್ಕಿಂತ ಹೆಚ್ಚು ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾವ ಕಾಲದಲ್ಲಿದ್ದೇವೆ ಅಂತ ನೋಡುವವರಿಗೆ ಹೇಳಲು ಒಂದು ಗುರುತು ಸಾಕು, ಒಂದು ಸದ್ದೋ ಕೈಗೆ ಕಟ್ಟಿದ ಬಟ್ಟೆಯೋ. ತೆರೆಯ ಮೇಲೆ "ಹತ್ತು ವರ್ಷಗಳ ಹಿಂದೆ" ಅಂತ ಬರೆಯುವ ಪ್ರಮೇಯ ಬಂದರೆ ಕಥೆಯನ್ನು ಮತ್ತೆ ಚೀಟಿಗಳಲ್ಲಿ ಬಿಡಿಸಿ ಬರೆದು ನೋಡಿ. ಒಂದು ದೃಶ್ಯಕ್ಕೆ ಒಂದು ಚೀಟಿ, ಅದರ ಕೆಳಗೆ ಈ ಹೊತ್ತಿಗೆ ಪಾತ್ರಕ್ಕೆ ಏನು ಗೊತ್ತು, ನೋಡುವವರಿಗೆ ಏನು ಗೊತ್ತು ಅಂತ ಎರಡು ಸಾಲು. ಪ್ರತಿ ಚೀಟಿಯಲ್ಲೂ ಆ ಎರಡು ಸಾಲು ಒಂದನ್ನೇ ಹೇಳುತ್ತಿದ್ದರೆ ಆ ಕಥೆಯನ್ನು ನೇರವಾಗಿಯೇ ಹೇಳಿ, ಅದರಲ್ಲಿ ಏನೂ ಕೊರತೆಯಿಲ್ಲ.

ಮಕ್ಕಳು ಕೊನೆಗೆ ಪತ್ರದ ಕಥೆಯನ್ನೇ ಹಿಡಿದುಕೊಂಡಿದ್ದಾರೆ. ಮುಂಬೈ, ಠಾಣೆ ಕಡೆ ಯಾರ ಮನೆಯಲ್ಲಾದರೂ ಆ ಕಾಲದ ಇನ್‌ಲ್ಯಾಂಡ್ ಪತ್ರಗಳು ಉಳಿದಿದ್ದರೆ, ರಾತ್ರಿ ಶಾಲೆಯಲ್ಲಿ ಓದಿದ ಹಿರಿಯರಿದ್ದರೆ ದಯವಿಟ್ಟು ಮೆಸೇಜ್ ಮಾಡಿ. ನಾನೇ ಮಕ್ಕಳನ್ನು ಕರೆದುಕೊಂಡು ಬರುತ್ತೇನೆ. ಪತ್ರಗಳನ್ನು ಅಲ್ಲೇ ಕೂತು ಓದುತ್ತೇವೆ, ಮನೆಯಿಂದಾಚೆ ಒಯ್ಯುವುದಿಲ್ಲ.